ಒದೆತಕ್ಕೂ ಒಂದು ಕ್ರಮಪಾಠ

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆಯಲ್ಲಿ ನನ್ನ ಅಣ್ಣ ಕೊಲ್ಲಿ ದೇಶದಿಂದ ಬೈಲಹೊಂಗಲಕ್ಕೆ ಮರಳಿ ಬಂದ. ಅವ್ವನಿಗೊಂದು ನೈಲಾನ್ ಸೀರೆ, ನನಗೊಂದು ಕೈಗಡಿಯಾರ, ಅಪ್ಪನಿಗೆ ಮೆತ್ತನ್ನ ಕಂಬಳಿ ತಂದಿದ್ದ. ಆ ಬಿಸಿಲಿನಲ್ಲಿ ಕಂಬಳಿ ಯಾರಿಗೆ ಬೇಕಿತ್ತು ಎಂದು ಕೇಳಬೇಡಿ, ಕೊಲ್ಲಿಯಿಂದ ಬಂದವರೆಲ್ಲ ಆಗ ಕಂಬಳಿಯನ್ನೇ ತರುತ್ತಿದ್ದರು. ಟ್ರಂಕು ಇಳಿಸಿದವನೇ ಅಪ್ಪನ ಮುಂದೆ ಎರಡೂ ಕೈ ತೊಡೆಗೆ ಹಚ್ಚಿ ಸೆಟೆದು ನಿಂತ. ನಡು ಬಗ್ಗಿಸಿದ, ಮತ್ತೆ ನೆಟ್ಟಗಾದ. ಕಾಲು ಮುಟ್ಟಿಸಿಕೊಳ್ಳಲು ಪಾದ ಮುಂದೆ ಮಾಡಿ ಕೂತಿದ್ದ ಅಪ್ಪ ಹಾಗೇ ಕೂತುಬಿಟ್ಟ.

"ಯಾಕೋ, ನಡಾ ಹಿಡಕೊಂಡದೇನು?" ಎಂದ.

"ಇದು ನಮಸ್ಕಾರ ಅಪ್ಪಾ. ಕೊರಿಯಾದವರು ಹಿಂಗ ಮಾಡ್ತಾರ."

"ಹಂಗಾರ ಕೊರಿಯಾದವರ ಅಪ್ಪಗ ಮಾಡು. ನನಗ ಕಾಲು ಮುಟ್ಟು."

ಅಣ್ಣ ಕಾಲು ಮುಟ್ಟಿದ. ಅವ್ವ ನಕ್ಕಳು. ನಮ್ಮ ಮನೆಗೆ ಟೇಕ್ವಾಂಡೊ ಬಂದದ್ದು ಹೀಗೆ.

ನಮ್ಮದು ವೈದಿಕರ ಮನೆ. ಅಜ್ಜ ವೇದವನ್ನು ಕ್ರಮಪಾಠದವರೆಗೆ, ಅಂದರೆ ಪದಗಳನ್ನು ಜೋಡಿ ಜೋಡಿಯಾಗಿ ಹೆಣೆದು ಹೇಳುವವರೆಗೆ, ಓದಿದವನು. ಅಪ್ಪ ಅದರ ಮೇಲಿನ ಜಟಾಪಾಠವನ್ನೂ ಒಂದಿಷ್ಟು ಬಲ್ಲವನು. ಆದರೆ ಪಾಠ ಹೇಳಿಸಿಕೊಳ್ಳುವವರೇ ಇರಲಿಲ್ಲ. ಊರಿನಲ್ಲಿ ಜನ ಅಪ್ಪನನ್ನು ಹುಡುಕಿಕೊಂಡು ಬರುತ್ತಿದ್ದದ್ದು ಮದುವೆಗೆ, ಗೃಹಪ್ರವೇಶಕ್ಕೆ, ಶ್ರಾದ್ಧಕ್ಕೆ. ಅವನ ಕಟ್ಟಕಡೆಯ ಶಿಷ್ಯ ನಮ್ಮಣ್ಣನೇ. ಅವನಿಗೆ ಅದರಲ್ಲಿ ಎಳ್ಳಷ್ಟೂ ಮನಸ್ಸಿರಲಿಲ್ಲ. ಮೀಸೆ ಚಿಗುರುವ ಹೊತ್ತಿಗೆ ನವಿಲುತೀರ್ಥದಲ್ಲಿ ಆಣೆಕಟ್ಟಿನ ಕೆಲಸ ಜೋರಾಗಿ ನಡೆದಿತ್ತು. ಅಲ್ಲಿಗೆ ಓಡಿಹೋಗಿ ಬುಲ್‌ಡೋಜರ್ ಹತ್ತಿದವನು ಇಳಿಯಲೇ ಇಲ್ಲ. ಅಲ್ಲಿಂದ ಸುರೇಬಾನದ ಗೆಳೆಯನೊಬ್ಬನ ಜೊತೆ ಮುಂಬಯಿ, ಮುಂಬಯಿಯಿಂದ ಕೊಲ್ಲಿ.

ನಾನು ಅವನಿಗಿಂತ ಚಿಕ್ಕವಳು. ಅಣ್ಣನಿಗೆ ಪಾಠವಾಗುತ್ತಿದ್ದಾಗ ನಾನು ಅಡುಗೆಮನೆಯಲ್ಲಿ ಜೋಳ ಹಸನು ಮಾಡುತ್ತ ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಅವನಿಗಿಂತ ಮೊದಲು ನನಗೇ ಬಾಯಿಗೆ ಬರುತ್ತಿತ್ತು. ಒಂದು ಸಲ ಅವನು ತಡವರಿಸಿದಾಗ ಕಿಟಕಿಯಿಂದ ತಲೆ ಹಾಕಿ ಮುಂದಿನ ಪದ ಹೇಳಿದೆ. "ನೀ ಒಳಗ ಹೋಗು," ಎಂದ ಅಪ್ಪ. ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಹುಡುಗಿಗೆ ಹೇಳಿಕೊಡುವ ಪಾಠ ಅದಲ್ಲ ಎಂಬುದು ಅಪ್ಪನಿಗೆ ಎಷ್ಟು ಸಹಜವಾಗಿತ್ತೆಂದರೆ ಅದಕ್ಕೆ ಸಿಟ್ಟೂ ಬೇಕಾಗಿರಲಿಲ್ಲ. ಸಿಟ್ಟೆಲ್ಲ ನನ್ನ ಪಾಲಿಗೆ ಬಂತು, ಅದು ಈಗಲೂ ಮೂಗಿನ ತುದಿಯಲ್ಲೇ ಇದೆ. ಅಣ್ಣ ಬಂದ ವರ್ಷ ನಾನು ಹೆಣ್ಣುಮಕ್ಕಳ ಕನ್ನಡ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಊರೆಲ್ಲ ನನ್ನನ್ನು ಅಕ್ಕೋರು ಎನ್ನುತ್ತಿತ್ತು.

ಅಣ್ಣನಿಗೆ ಈ ವಿದ್ಯೆ ಹೇಳಿಕೊಟ್ಟವನು ಕೊಲ್ಲಿಯ ಮರಳುಗಾಡಿನಲ್ಲಿ ಅವನ ಪಕ್ಕದ ಬಿಡಾರದಲ್ಲಿದ್ದ ಕೊರಿಯಾದ ವೆಲ್ಡರ್. ಇವನ ಭಾಷೆ ಅವನಿಗೆ ಬಾರದು, ಅವನದು ಇವನಿಗೆ ಬಾರದು. ಇಬ್ಬರಿಗೂ ಬರುತ್ತಿದ್ದದ್ದು ಹರಕುಮುರುಕು ಇಂಗ್ಲಿಷ್, ಉಳಿದದ್ದೆಲ್ಲ ಕೈಸನ್ನೆ. ಆ ಸನ್ನೆಗಳಲ್ಲೇ ಟೇಕ್ವಾಂಡೊದ ಚರಿತ್ರೆ ಅಣ್ಣನಿಗೆ ದಾಟಿತ್ತು. ಊಟಕ್ಕೆ ಕೂತಾಗೆಲ್ಲ ಅವನು ಅದನ್ನು ನಮ್ಮ ಮೇಲೆ ಸುರಿಯುತ್ತಿದ್ದ. ಬಹಳ ಹಿಂದೆ ಕೊರಿಯಾದಲ್ಲಿ ಮೂರು ರಾಜ್ಯಗಳಿದ್ದವಂತೆ. ಅದರಲ್ಲಿ ಸಿಲ್ಲಾ ಎಂಬುದು ಸಣ್ಣದು. ಅಲ್ಲಿ ದೊಡ್ಡ ಮನೆತನದ ಹುಡುಗರನ್ನು ಆರಿಸಿ ಒಟ್ಟುಗೂಡಿಸುತ್ತಿದ್ದರಂತೆ. ಅವರ ಹೆಸರಿನ ಅರ್ಥ ಹೂವಿನಂಥ ತರುಣರು. ಪದ್ಯ ಬರೆಯಬೇಕು, ಬಿಲ್ಲು ಹೊಡೆಯಬೇಕು, ಬೆಟ್ಟ ಹತ್ತಬೇಕು, ಬರಿಗೈಲೂ ಬರಿಗಾಲಲ್ಲೂ ಕಾದಬೇಕು. ಹಬ್ಬ ಬಂದರೆ ಹಳ್ಳಿಯವರು ಕಾಲಿನಲ್ಲೇ ಆಡುವ ಒಂದು ಕುಸ್ತಿಯೂ ಅಲ್ಲಿತ್ತಂತೆ. ಆಮೇಲೆ ಜಪಾನಿನವರು ಬಂದು ದೇಶವನ್ನೇ ಹಿಡಿದು ಅದನ್ನೆಲ್ಲ ಅದುಮಿಟ್ಟರು. ಜನ ಹಿತ್ತಲಲ್ಲಿ ಗುಟ್ಟಾಗಿ ಕಲಿತರು. ಸ್ವಾತಂತ್ರ್ಯ ಬಂದ ಮೇಲೆ ಬೇರೆ ಬೇರೆ ಗುರುಗಳ ಶಾಲೆಗಳು ಒಂದುಗೂಡಿ ಒಂದು ಹೆಸರಿಟ್ಟುಕೊಂಡವು.

"ಟೇ ಅಂದ್ರ ಕಾಲು. ಕ್ವಾನ್ ಅಂದ್ರ ಮುಷ್ಟಿ. ಡೋ ಅಂದ್ರ ಹಾದಿ," ಎಂದು ಅಣ್ಣ ಅನ್ನದ ಕೈಯನ್ನೇ ಎತ್ತಿ ತೋರಿಸುತ್ತಿದ್ದ.

ಈ ಚರಿತ್ರೆಯಲ್ಲಿ ಅರ್ಧಕ್ಕರ್ಧ ಅಭಿಮಾನದ ಬಣ್ಣ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಹೂವಿನ ತರುಣರು ಇದ್ದದ್ದು ನಿಜ, ಆದರೆ ಇಂದಿನ ವರಸೆಗಳಿಗೆ ಜಪಾನಿನ ಕರಾಟೆಯ ಸಾಲವೂ ದೊಡ್ಡದಿದೆ ಎಂದು ತಿಳಿದವರು ಹೇಳುತ್ತಾರೆ. ಅಣ್ಣನ ಮುಂದೆ ಅದನ್ನು ಹೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ. ಅಪ್ಪ ಮಾತ್ರ ಆ ಹೊತ್ತಿಗೆ ಚರಿತ್ರೆ ಬಿಟ್ಟು ಕೊನೆಯ ಶಬ್ದವನ್ನು ಹಿಡಿದುಕೊಂಡ.

"ಹಾದಿ ಅಂದ್ರ ಎಲ್ಲಿಗೆ ಹೋಗೋ ಹಾದಿ?"

ಅಣ್ಣ ಐದು ತತ್ವಗಳಿವೆ ಎಂದ. ಅವುಗಳ ಅರ್ಥವೂ ಅವನಿಗೆ ವೆಲ್ಡರನ ಸನ್ನೆಗಳಲ್ಲೇ ಬಂದಿತ್ತು. ಅಡುಗೆಮನೆಯಲ್ಲೇ ಎದ್ದು ನಿಂತು ಒಂದೊಂದಾಗಿ ಮಾಡಿ ತೋರಿಸಿದ. ಯೇಉಯಿ ಎಂದು ನಡು ಬಗ್ಗಿಸಿದ. "ವಿನಯ," ಎಂದ ಅಪ್ಪ. ಯೊಮ್ಚಿ ಎಂದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅಪ್ಪ ಸ್ವಲ್ಪ ಯೋಚಿಸಿದ. "ಲಜ್ಜಾ. ತಪ್ಪು ಮಾಡಲಿಕ್ಕೆ ನಾಚಿಕಿ ಬರಬೇಕು. ಪ್ರಾಮಾಣಿಕ ಅಂತ ತಿಳ್ಕೋ." ಇನ್ನೇ ಎಂದು ಒಂದೇ ಕಡೆ ಕೈ ಹಿಡಿದು ಬೆಸುಗೆ ಆರುವುದನ್ನು ಕಾಯುವವನ ಹಾಗೆ ನಿಂತ. ಅದು ತಾಳ್ಮೆ. ಕುಕ್ಗಿ ಎಂದು ಅವ್ವನ ಕಡೆ ಮುಷ್ಟಿ ಬೀಸಿ ಅವಳ ಮೂಗುತಿಯ ಮುಂದೆ ತಡೆದು ನಿಲ್ಲಿಸಿದ. ಅವ್ವ ಸೌಟಿನಿಂದ ಅವನ ಕೈಗೆ ಒಂದು ಬಿಟ್ಟಳು. ಅದು ಸಂಯಮ, ಅವ್ವನದಲ್ಲ, ಅಣ್ಣನದು. ಐದನೆಯದಕ್ಕೆ ದೊಡ್ಡ ಹೆಸರು, ಬೇಕ್ಜಲ್ ಬುಲ್ಗುಲ್. ನೂರು ಸಲ ಮುರಿದರೂ ಬಾಗದಿರುವುದು ಎಂದರ್ಥ.

ಅಪ್ಪ ಐದೂ ಹೆಸರನ್ನು ಒಮ್ಮೆ ಕೇಳಿ, ಸ್ವರ ಕೂಡಿಸಿ, ತಪ್ಪಿಲ್ಲದೆ ತಿರುಗಿ ಹೇಳಿದ. ಕೊರಿಯಾದ ಶಬ್ದಗಳು ರುದ್ರದ ಹಾಗೆ ಕೇಳಿಸಿದವು.

"ಛಲೋ ಅದಾವ," ಎಂದ. "ನಿನ್ನ ಹಂತೇಕ ಐದರಾಗ ಒಂದೂ ಇಲ್ಲ."

ಬೇಸಿಗೆ ಮುಗಿಯುವುದರೊಳಗೆ ಅಣ್ಣ ಕ್ಲಾಸು ತೆರೆದ. ನಮ್ಮೂರು ಹತ್ತಿಯ ಪೇಟೆ. ಸುಗ್ಗಿ ಮುಗಿದ ಮೇಲೆ ಹತ್ತಿ ಹಿಂಜುವ ಜಿನ್ನುಗಳು ಬಾಗಿಲು ಹಾಕುತ್ತವೆ. ಅಂಥ ಒಂದು ಜಿನ್ನಿನ ಉದ್ದನೆಯ ಶೆಡ್ಡು ಅಪ್ಪನಿಂದ ಪೂಜೆ ಮಾಡಿಸುವ ಯಜಮಾನರೊಬ್ಬರದು. ಹೇಗೂ ಖಾಲಿ ಬಿದ್ದಿದೆ, ಬಳಸಿಕೊಳ್ಳಿ ಎಂದರು. ಸುತ್ತಲಿನ ಹಳ್ಳಿಯ ರೈತರ ಮಕ್ಕಳು ಬಂದರು, ಗರಡಿಮನೆಯ ಪೈಲ್ವಾನನೊಬ್ಬ ಬಂದ. ಪೈಲ್ವಾನನೆಂದರೆ ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಹೋಗುವಂಥ ಆಳು. ಮನಸ್ಸು ಮಾತ್ರ ಬೆಣ್ಣೆ. ಮೊದಲ ದಿನ ಸಿಲ್ಲಾದ ಕಥೆ ಕೇಳಿ, "ಅಂದ್ರ ನಮ್ಮ ಕಿತ್ತೂರಂಗ ಸಣ್ಣ ರಾಜ್ಯ ಅನ್ರಿ, ಆದ್ರ ಗಂಡುಮೆಟ್ಟಿಂದು!" ಎಂದು ಎದೆ ತಟ್ಟಿಕೊಂಡ. ಅಲ್ಲಿಂದ ಮುಂದೆ ಕೊರಿಯಾ ಅವರಿಗೆಲ್ಲ ಪಕ್ಕದ ಸಂಪಗಾಂವಿಯ ಆಚೆಗಿನ ಊರಾಯಿತು.

ನಾನೂ ಬರುತ್ತೇನೆ ಎಂದೆ. ಅಣ್ಣ ಹುಬ್ಬೇರಿಸಿದ. ಅವ್ವ ಹೊಲಿಗೆಯ ಮಶೀನಿನ ಮುಂದೆ ಕೂತಿದ್ದಳು.

"ಸೀರಿ ಉಟ್ಟು ಒದ್ದರ ಸೀರಿ ಹರೀತದ. ಪಾಯಿಜಾಮಾ ಹೊಲೀತೇನಿ ತಡಿ," ಎಂದಳು. ಅಷ್ಟರಲ್ಲಿ ಕ್ಲಾಸಿನವರೆಲ್ಲರ ಉಡುಪಿಗೆಂದು ಅಪ್ಪನ ಹಳೆಯ ಧೋತರಗಳು ಕತ್ತರಿಯ ಬಾಯಿಗೆ ಬಿದ್ದಾಗಿದ್ದವು. ಅಪ್ಪ ತಡೆಯಲಿಲ್ಲ. ತನ್ನ ಧೋತರದ ಅಂಚು ಪೈಲ್ವಾನನ ತೋಳಿನ ಮೇಲೆ ಬಂದದ್ದನ್ನು ಮಾತ್ರ ಬಹಳ ಹೊತ್ತು ನೋಡಿದ.

ಓಣಿಯವರು ಆಡಿಕೊಂಡರು. ಮುಸ್ಸಂಜೆಯಲ್ಲಿ ಪಾಯಿಜಾಮ ಹಾಕಿ ಹೊರಟ ಅಕ್ಕೋರನ್ನು ನೋಡಲು ಕಟ್ಟೆಗೆ ಬಂದು ಕೂರುತ್ತಿದ್ದರು. ನಾನು ಒಂದೆರಡು ದಿನ ಕಣ್ಣು ಕೆಕ್ಕರಿಸಿದೆ. ಆಮೇಲೆ ಅವರದೇ ಹುಡುಗಿಯರು ಶಾಲೆಯಲ್ಲಿ ನನ್ನ ಒದೆತ ಕಲಿತು ಅಂಗಳದಲ್ಲಿ ತೋರಿಸತೊಡಗಿದ ಮೇಲೆ ಆಡಿಕೊಳ್ಳುವವರ ಬಾಯಿ ತಾನೇ ಕಟ್ಟಿತು. ಮಳೆ ಬಿದ್ದಾಗ ಫಜೀತಿ ಬೇರೆ ಇತ್ತು. ನಮ್ಮದು ಎರೆ ಭೂಮಿ, ಅಂಗಾಲಿಗೆ ಮೆತ್ತಿದ ಮಣ್ಣು ಒರೆಸಿದರೆ ಹೋಗುವುದಿಲ್ಲ. ಒಬ್ಬೊಬ್ಬರ ಒದೆತಕ್ಕೆ ಒಂದೊಂದು ಹೆಂಟೆ ಹಾರಿ ಎದುರು ಗೋಡೆಗೆ ಬಡಿಯುತ್ತಿತ್ತು. ಯಾರ ಕಾಲು ಎಷ್ಟು ಎತ್ತರ ಹೋಯಿತೆಂದು ಗೋಡೆ ನೋಡಿಯೇ ಹೇಳಬಹುದಿತ್ತು. ಶೆಡ್ಡಿನಲ್ಲಿ ಕಳೆದ ಆ ಹೊತ್ತಿನಷ್ಟು ಸಂತೋಷ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಯಾರೋ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, ತಪ್ಪಿದರೆ ತಿದ್ದಿ, ಮತ್ತೆ ಮಾಡು ಎನ್ನುತ್ತಿದ್ದರು. ಮನೆಯಲ್ಲಿ ಅಲ್ಲಿಯವರೆಗೆ ನನಗದು ಸಿಕ್ಕಿರಲಿಲ್ಲ.

ಶ್ರಾವಣ ಕಳೆಯುವ ಹೊತ್ತಿಗೆ ಸುರೇಬಾನದ ಗೆಳೆಯ ಬಸ್ಸು ಹಿಡಿದು ಬಂದ. ಮುಂಬಯಿಯ ಏಜೆಂಟ್ ಹೇಳಿಕಳಿಸಿದ್ದ. ಹೊಸ ಕೆಲಸ ಇದೆ, ದೀಪಾವಳಿಯ ಮೊದಲು ಹ್ಞೂಂ ಅನ್ನಬೇಕು. ಗೆಳೆಯ ಆಗಲೇ ಹ್ಞೂಂ ಅಂದಿದ್ದ. ಅಣ್ಣ ಮೂರನೆಯ ದಿನ ನಮಗೆ ತನ್ನ ಲೆಕ್ಕ ಹೇಳಿದ. ಪುಣೆಯಲ್ಲಿ ಕೊರಿಯಾದ ಗುರುವಿನ ಕೈಯಲ್ಲೇ ಕಲಿತ ಒಬ್ಬರಿದ್ದಾರೆ, ಮೂಲ ಬೆಳಗಾವಿಯವರೇ. ಅವರು ಬಂದು ಪರೀಕ್ಷೆ ಮಾಡಲು ಒಪ್ಪಿದ್ದಾರೆ. ಶಿಷ್ಯರನ್ನು ಪಾಸು ಮಾಡಿ, ಅಣ್ಣನಿಗೆ ಕಲಿಸುವ ಅಪ್ಪಣೆ ಕೊಟ್ಟರೆ ಅವನು ಇಲ್ಲೇ ಉಳಿಯುತ್ತಾನೆ. ಇಲ್ಲದಿದ್ದರೆ ಮತ್ತೆ ಮರಳುಗಾಡು.

ಅವ್ವನಿಗೆ ಮಗ ಉಳಿಯಬೇಕಿತ್ತು. ನನಗೆ ಅಣ್ಣನೂ ಬೇಕು, ಅದಕ್ಕಿಂತ ಕ್ಲಾಸು ಬೇಕು. ಅವನು ಹೋದರೆ ಶೆಡ್ಡು ಮುಚ್ಚುತ್ತದೆ, ಹೇಳಿಸಿಕೊಳ್ಳುವ ನನ್ನ ಭಾಗ್ಯ ಅಲ್ಲಿಗೆ ತೀರಿತು.

ಪರೀಕ್ಷೆಗೆ ಬೇಕಾದದ್ದು ಒಂದು ವರಸೆ. ನಾಲ್ಕು ದಿಕ್ಕಿಗೂ ತಿರುಗಿ, ತಡೆದು, ಗುದ್ದಿ, ಕೊನೆಗೆ ಶುರು ಮಾಡಿದಲ್ಲಿಗೇ ಬಂದು ನಿಲ್ಲಬೇಕು. ಅದರ ಹೆಸರು ಚೊನ್-ಜಿ. ಆಕಾಶ ಮತ್ತು ಭೂಮಿ ಎಂದರ್ಥ, ಹೊಸಬರಿಗೆ ಮೊದಲು ಹೇಳಿಕೊಡುವುದು ಅದನ್ನೇ. ಒದೆಯಲು ಬಾರದವರು ನಮ್ಮಲ್ಲಿ ಯಾರೂ ಇರಲಿಲ್ಲ. ಒಂದಾದ ಮೇಲೆ ಒಂದು ಯಾವುದು ಎಂಬುದೇ ಯಾರಿಗೂ ನೆನಪಿರುತ್ತಿರಲಿಲ್ಲ. ಒಬ್ಬ ಸವದತ್ತಿಯ ಕಡೆ ತಿರುಗಿದರೆ ಇನ್ನೊಬ್ಬ ಕಿತ್ತೂರಿನ ಕಡೆ ತಿರುಗಿ ಇಬ್ಬರ ಹಣೆ ಢೀ ಹೊಡೆಯುತ್ತಿತ್ತು. ಪೈಲ್ವಾನ ಬೆವರು ಒರೆಸಿಕೊಳ್ಳುತ್ತ, "ಹೋರಿ ಹಗ್ಗಾ ಹಿಡಿ ಅಂದ್ರ ಹಿಡೀತೇನ್ರಿ ಅಕ್ಕೋರ. ಇದು ತೆಲಿಯಾಗ ನಿಲ್ಲವಲ್ದರಿ," ಎಂದು ನನ್ನ ಮುಂದೆ ಅಳುವುದೊಂದು ಬಾಕಿ. ಅಣ್ಣ ಸಂಯಮ ಎಂದು ಕೂಗುತ್ತಲೇ ಎಲ್ಲರನ್ನೂ ಬೈಯುತ್ತಿದ್ದ.

ನಾನು ಮನೆಗೆ ಬಂದು ಹಿತ್ತಲಲ್ಲಿ ಗೊಣಗುತ್ತ ವರಸೆ ಹಾಕುತ್ತಿದ್ದೆ. ಎಲ್ಲೋ ತಪ್ಪಿ, ಕೊನೆಗೆ ತುಳಸಿಕಟ್ಟೆಯ ಬದಲು ಬಚ್ಚಲಿನ ಮುಂದೆ ಬಂದು ನಿಲ್ಲುತ್ತಿದ್ದೆ. ಒಂದು ಸಂಜೆ ಅಪ್ಪ ಜಪದಿಂದ ಎದ್ದು ಬಂದ.

"ಏನದರ ಹೆಸರು?"

"ಆಕಾಶ, ಭೂಮಿ."

"ದ್ಯಾವಾಪೃಥಿವೀ!" ಅಪ್ಪನ ಮುಖ ಅರಳಿತು. ಆಕಾಶ ಭೂಮಿಗಳನ್ನು ಜೋಡಿ ದೇವತೆ ಮಾಡಿ ವೇದದಲ್ಲಿ ಕರೆಯುವ ಹೆಸರದು. "ಇಂಥಾ ಹೆಸರಿಟ್ಟುಕೊಂಡು ಹಿಂಗ ಎಡವ್ತೀರೇನು? ಪಾಠ ಗಟ್ಟಿ ಮಾಡೋ ರೀತಿ ಇದಲ್ಲ. ಒಂದೊಂದಕ್ಕೂ ಹೆಸರು ಹೇಳು."

ನಾನು ಹೇಳಿದೆ. ಎಡಕ್ಕೆ ತಿರುಗಿ ಕೆಳತಡೆ, ಬಲಮುಷ್ಟಿ, ಹಿಂದಕ್ಕೆ ತಿರುಗಿ ಕೆಳತಡೆ, ಎಡಮುಷ್ಟಿ. ಅಪ್ಪ ಕಟ್ಟೆಯ ಮೇಲೆ ಕೂತು, ನನ್ನನ್ನು ಎದುರಿಗೆ ಕೂರಿಸಿಕೊಂಡು ಕ್ರಮ ಹಿಡಿಸಿದ. ಮೊದಲನೆಯದು ಎರಡನೆಯದು. ಎರಡನೆಯದು ಮೂರನೆಯದು. ಮೂರನೆಯದು ನಾಲ್ಕನೆಯದು. ಪ್ರತಿಯೊಂದೂ ಎರಡು ಸಲ ಬರಬೇಕು, ಒಮ್ಮೆ ಹಿಂದಿನದರ ಜೊತೆ, ಒಮ್ಮೆ ಮುಂದಿನದರ ಜೊತೆ.

"ಒಂದರ ಕೈ ಇನ್ನೊಂದು ಹಿಡಕೊಂಡಿರಬೇಕು. ಆವಾಗ ಜಾತ್ರಿಯಾಗೂ ತಪ್ಪಿಸಿಕೊಳ್ಳೂದಿಲ್ಲ," ಎಂದ.

ಇದನ್ನು ನಾನು ಚಿಕ್ಕಂದಿನಿಂದ ಗೋಡೆಯಾಚೆಯಿಂದ ಕೇಳಿದ್ದೆ. ನನ್ನನ್ನು ಎದುರಿಗೆ ಕೂರಿಸಿ ಹೇಳಿಸಿದ್ದು ಅದೇ ಮೊದಲು. ಸಂತೋಷವೂ ಆಯಿತು, ಮೈಯೆಲ್ಲ ಉರಿಯೂ ಆಯಿತು. ಇಷ್ಟು ಸುಲಭವಿತ್ತಲ್ಲ, ಯಾಕೆ ಇಷ್ಟು ವರ್ಷ ತಡೆದ ಎಂದು. ಕೇಳಿಯೂ ಬಿಟ್ಟೆ.

"ಇದೇನು ವೇದ ಅಲ್ಲಲ್ಲ. ಒದಿಯೋದು," ಎಂದ ಅಪ್ಪ. ಆ ಸಂದು ಅವನು ತನಗಾಗಿ ತಾನೇ ಹುಡುಕಿಕೊಂಡದ್ದೆಂದು ನನಗೆ ಅವನ ಮುಖದಲ್ಲಿ ಕಾಣುತ್ತಿತ್ತು. ಅದರೊಳಗಿನಿಂದ ಎಷ್ಟು ಖುಷಿಯಿಂದ ನುಸುಳಿದನೆಂದರೆ ಮರುದಿನ ಶೆಡ್ಡಿಗೆ ತಾನೇ ಬಂದ.

ಅಲ್ಲಿಂದ ನಮ್ಮ ಜಿನ್ನು ಪಾಠಶಾಲೆಯಾಯಿತು. ಅಣ್ಣ ಒದೆತ ಮುಗಿಸಿ ಪೇಟೆಗೆ ಹೋದ ಮೇಲೆ ಅಪ್ಪ ಎಲ್ಲರನ್ನೂ ಎರಡು ಸಾಲಾಗಿ ಕೂರಿಸುತ್ತಿದ್ದ. ಅವನು ಒಮ್ಮೆ, ನಾವು ಎರಡು ಸಲ. ರೈತರ ಮಕ್ಕಳು, ಪೈಲ್ವಾನ, ನಾನು ಎಲ್ಲರೂ ಕೂಡಿ ಸ್ವರವೆತ್ತಿ "ಕೆಳತಡೆ ಬಲಮುಷ್ಟಿ, ಬಲಮುಷ್ಟಿ ಹಿಂತಿರುಗು" ಎಂದು ಹೇಳುವುದು ಬಸ್ ಸ್ಟ್ಯಾಂಡಿನವರೆಗೆ ಕೇಳುತ್ತಿತ್ತಂತೆ. ರಾಮದುರ್ಗದ ಬಸ್ಸಿಗೆ ಕಾಯುವವರು ಯಾವ ಮಠದ ಭಜನೆ ಎಂದು ವಿಚಾರಿಸುತ್ತಿದ್ದರು. ಬಾಯಿಗೆ ಬಂದ ಮೇಲೆ ಎದ್ದು ಮೈಯಲ್ಲೂ ಹಾಗೆಯೇ ಮಾಡಿಸಿದ, ಒಂದು ಎರಡು, ಎರಡು ಮೂರು. ಆಮೇಲೆ ಸಂಹಿತೆ, ಅಂದರೆ ಎಲ್ಲ ಒಂದರ ಹಿಂದೆ ಒಂದು ಸರಾಗವಾಗಿ. ಯಾರೊಬ್ಬರೂ ತಪ್ಪಲಿಲ್ಲ. ಅಪ್ಪನ ದನಿಗೆ ಇಪ್ಪತ್ತು ವರ್ಷದ ಹಿಂದಿನ ಕಸುವು ಬಂದಿತ್ತು. ಸಂಹಿತೆ ಹೇಳುವವನಿಗೆ ಒಂದು ಗೌರವ, ಕ್ರಮ ಹೇಳುವವನಿಗೆ ಅದರ ಮೇಲಿನ ಗೌರವ ಎಂದು ವೈದಿಕರ ಸಭೆಗಳ ಕಥೆ ಹೇಳುತ್ತಿದ್ದ. ನಮ್ಮ ಹುಡುಗರು ಬಾಯಿ ತೆರೆದು ಕೇಳುತ್ತಿದ್ದರು. ಅಷ್ಟು ಗಮನವಿಟ್ಟು ಕೇಳಬಾರದಾಗಿತ್ತು ಎಂದು ಆಮೇಲೆ ತಿಳಿಯಿತು.

ಪರೀಕ್ಷೆಯ ದಿನ ಬಂತು. ಪುಣೆಯ ಪರೀಕ್ಷಕರು ಗಿಡ್ಡ ಆಳು, ತಲೆಯ ಕೂದಲು ಆಗಲೇ ನರೆತಿತ್ತು. ಬಿಳಿ ಉಡುಪು, ನಡುವಿಗೆ ಕರಿ ಬೆಲ್ಟು. ಅವ್ವ ಕೊಟ್ಟ ಅವಲಕ್ಕಿ ತಿಂದು, ಶೆಡ್ಡನ್ನೆಲ್ಲ ಒಮ್ಮೆ ನೋಡಿ, ಕುರ್ಚಿಯಲ್ಲಿ ಕೂತರು. ಹಿರಿಯನೆಂದು ಅಪ್ಪನಿಗೂ ಒಂದು ಕುರ್ಚಿ ಹಾಕಿದ್ದರು. ನಾವು ಸಾಲಾಗಿ ನಿಂತಿದ್ದೆವು.

"ಚೊನ್-ಜಿ," ಎಂದರು ಪರೀಕ್ಷಕರು. "ಸಿದ್ಧ ಆಗ್ರಿ."

ಆಗ ಪೈಲ್ವಾನ ನನ್ನ ಪಕ್ಕದಿಂದ ಪಿಸುಗುಟ್ಟಿದ. "ಅಕ್ಕೋರ, ಇಷ್ಟು ದೂರದಿಂದ ಬಂದಾರು. ಸಾದಾದು ಯಾಕ ತೋರ್ಸೂಣು? ದೊಡ್ಡದ, ಕ್ರಮಾನ ಮಾಡೂಣಲ್ರಿ."

ಆ ಮಾತು ಸಾಲಿನಲ್ಲಿ ಹರಿದುಹೋಯಿತು. ನಿಜ ಹೇಳುತ್ತೇನೆ, ನನಗೂ ಅದು ಸರಿ ಅನ್ನಿಸಿತು. ದೊಡ್ಡವರು ಮನೆಗೆ ಬಂದಾಗ ಬರಿ ರೊಟ್ಟಿ ಬಡಿಸುತ್ತಾರೆಯೇ?

"ಶುರು!"

ಒಂದು, ಎರಡು. ಎರಡು, ಮೂರು. ಮೂರು, ನಾಲ್ಕು. ಸಾಲು ಸಾಲೇ ಒಂದೇ ಮೈಯಾಗಿ ಮುಂದೆ ಹೋಯಿತು, ಹಿಂದೆ ಬಂತು, ತಿರುಗಿತು, ಮತ್ತೆ ತಿರುಗಿತು. ಒಬ್ಬರ ಕಾಲೂ ತಪ್ಪಲಿಲ್ಲ. ಆದರೆ ಪ್ರತಿಯೊಂದನ್ನೂ ಎರಡೆರಡು ಸಲ ಹಾಕಿದರೆ ಶುರು ಮಾಡಿದಲ್ಲಿಗೆ ಹೇಗೆ ಬರುವುದು? ಇಡೀ ಕ್ಲಾಸು ಮೆಲ್ಲಗೆ, ಬಹಳ ಶಿಸ್ತಿನಿಂದ, ಶೆಡ್ಡಿನ ಮೂಲೆಯತ್ತ ಸರಿಯತೊಡಗಿತು. ಮುಂದಿನ ಸಾಲು ಅಲ್ಲಿದ್ದ ಹತ್ತಿ ಒತ್ತುವ ಯಂತ್ರಕ್ಕೆ ತಾಗಿತು. ಹಿಂದಿನ ಸಾಲು ಮುಂದಿನದಕ್ಕೆ ತಾಗಿತು. ಗೋಡೆ ಎದುರಾದರೂ ಪೈಲ್ವಾನ ಬಲಮುಷ್ಟಿಯನ್ನು ಬಿಡಲಿಲ್ಲ, ಗೋಡೆಗೇ ಕೊಟ್ಟ. ಮಾಡಿನಿಂದ ಹಳೆಯ ಹತ್ತಿಯ ಜುಂಗು ಉದುರಿ ನಮ್ಮೆಲ್ಲರ ತಲೆಯ ಮೇಲೆ ಬಿತ್ತು.

ಪರೀಕ್ಷಕರು ಕೈ ಎತ್ತಿದರು. "ಇದು ಯಾವ ದೇಶದ್ದು?" ಎಂದರು.

ಅಣ್ಣನ ಮುಖ ಮೆಣಸಿನಕಾಯಿಯಾಗಿತ್ತು. ನಮ್ಮನ್ನು ಒಂದು ಸುತ್ತು ಬೈದ. ಅಷ್ಟಕ್ಕೆ ನಿಲ್ಲಿಸಲಿಲ್ಲ, ಅಪ್ಪನ ಕಡೆ ತಿರುಗಿದ. "ಅಪ್ಪಾ, ಇದೇನು ನಿನ್ನ ಶ್ರಾದ್ಧದ ಮಂತ್ರ ಅಂತ ತಿಳದೀಯೇನು? ನಂದೆಲ್ಲಾ ಹಾಳ ಮಾಡಿದಿ!"

ಅಷ್ಟು ಜನರ ಮುಂದೆ ಅಪ್ಪನಿಗೆ ಯಾರೂ ಹಾಗೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಎಲ್ಲಾ ಮುಗಿಯಿತು, ಕ್ಲಾಸು ಹೋಯಿತು ಎಂದುಕೊಂಡೆ. ಅಪ್ಪ ಕುರ್ಚಿಯಿಂದ ಎದ್ದ. ಅಣ್ಣನ ಕಡೆ ನೋಡಲಿಲ್ಲ. ನಮ್ಮ ಕಡೆ ನೋಡಿ, ದಿನವೂ ಹೇಳುವ ದನಿಯಲ್ಲೇ ಹೇಳಿದ.

"ನಿಮ್ಮ ನಿಮ್ಮ ಜಾಗಾಕ್ಕ ಬರ್ರಿ. ಈಗ ಸಂಹಿತಾ."

ನಾವು ತಲೆಯ ಹತ್ತಿ ಕೊಡವಿಕೊಂಡು ಹಿಂದಕ್ಕೆ ಬಂದೆವು. ನಾಲ್ಕು ದಿಕ್ಕಿಗೂ ತಿರುಗಿದೆವು, ತಡೆದೆವು, ಗುದ್ದಿದೆವು. ಒಂದೇ ಹೆಜ್ಜೆಯ ಸಪ್ಪಳ, ಒಂದೇ ಉಸಿರು. ಕೊನೆಯ ಮುಷ್ಟಿಯ ಹೊತ್ತಿಗೆ ಪ್ರತಿಯೊಬ್ಬರೂ ತಾವು ನಿಂತಿದ್ದ ಜಾಗದಲ್ಲೇ ನಿಂತಿದ್ದರು. ಪರೀಕ್ಷಕರು ಕುರ್ಚಿಯ ತುದಿಗೆ ಬಂದಿದ್ದರು. ಆಮೇಲೆ ಅವರು ಅಪ್ಪನ ಹತ್ತಿರ ಕೂತು ಈ ಕ್ರಮವೆಂದರೇನು ಎಂದು ಬಹಳ ಹೊತ್ತು ಕೇಳಿದರು. ನಾಲ್ಕನೆಯದರಿಂದ ಶುರು ಮಾಡಿಸಿರಿ, ಹತ್ತನೆಯದರಿಂದ ಮಾಡಿಸಿರಿ ಎಂದು ನಮ್ಮನ್ನು ಪರೀಕ್ಷಿಸಿದರು. ಎಲ್ಲಿಂದ ಎತ್ತಿದರೂ ನಾವು ಮುಂದಿನದರ ಕೈ ಹಿಡಿದುಕೊಂಡೇ ಇದ್ದೆವು. ಅವರು ಮನಸಾರೆ ನಕ್ಕರು.

ಫಲಿತಾಂಶವನ್ನು ಅಲ್ಲೇ ಹೇಳಿದರು. ಶಿಷ್ಯರೆಲ್ಲ ಪಾಸು. ಪೈಲ್ವಾನ ಗುದ್ದಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ಕುಣಿದ. ಆಮೇಲೆ ಅವರು ಅಣ್ಣನ ಕಡೆ ತಿರುಗಿದರು.

"ನಿಮ್ಮ ಕಾಲು ಛಲೋ ಅದಾವ. ನಾಲಿಗಿ ಮಾತ್ರ ಇನ್ನೂ ಹೊಸಬರ ಬಿಳೀ ಬೆಲ್ಟ್ ಐತಿ. ಐದು ತತ್ವ ಗೋಡಿಮ್ಯಾಲ ಬರದೀರಿ, ನಾಕನೇದು ಸಂಯಮ, ಅದನ್ನ ಓದ್ರಿ. ಪುಣೆಕ್ಕ ಬರ್ರಿ, ನನ್ನ ಹಂತೇಕ ಇರ್ರಿ. ಬ್ಯಾಸಗಿ ಮುಗಿಯೂಮಟ ಕಲೀರಿ. ಆಮ್ಯಾಲ ಅಪ್ಪಣಿ ಕೊಡತೇನಿ."

ಸಂಜೆ ಮನೆಯಲ್ಲಿ ಅಣ್ಣ ಟ್ರಂಕು ತೆಗೆದ. ಪುಣೆಯೂ ಬೇಡ ಏನೂ ಬೇಡ, ಸುರೇಬಾನದ ಗೆಳೆಯನ ಜೊತೆ ಕೊಲ್ಲಿಗೇ ಹೋಗುತ್ತೇನೆ ಎಂದ. ಅವ್ವ ಕಣ್ಣೊರೆಸಿಕೊಂಡಳು. ನನಗೆ ತಡೆಯಲಿಲ್ಲ. ನೂರು ಸಲ ಮುರಿದರೂ ಬಾಗಬಾರದು ಎಂದು ದಿನಾ ನಮ್ಮ ತಲೆ ತಿಂದೆಯಲ್ಲ, ನೀನು ಮುರಿದದ್ದು ಒಂದೇ ಸಲ, ಇನ್ನೂ ತೊಂಬತ್ತೊಂಬತ್ತು ಬಾಕಿ ಇವೆ, ಎಂದು ಓಣಿಗೆಲ್ಲ ಕೇಳುವ ಹಾಗೆ ಒದರಿದೆ. ಅವನು ನನ್ನನ್ನು ದುರುಗುಟ್ಟಿ ನೋಡಿದ. ಆಮೇಲೆ ಅಪ್ಪನ ಕಡೆ ನೋಡಿದ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕೂತುಬಿಟ್ಟ. ಅಪ್ಪ ಅವನ ಬೆನ್ನ ಮೇಲೆ ಕೈ ಇಟ್ಟು, "ಇರಲಿ ಬಿಡು. ಪುಣೆಕ್ಕ ಹೋಗಿ ಬಾ," ಎಂದ.

ಅಣ್ಣ ಪುಣೆಗೆ ಹೋಗಲು ಒಪ್ಪಿದ. ಅವ್ವನಿಗೆ ಹೋದ ಜೀವ ಬಂತು. ನನಗೆ ಬರಲಿಲ್ಲ. ಬೇಸಿಗೆ ಮುಗಿಯುವವರೆಗೆ ಕ್ಲಾಸಿನ ಗತಿ ಏನು? ಅಷ್ಟರಲ್ಲಿ ಹುಡುಗರು ಚದುರಿಹೋಗುತ್ತಾರೆ, ನಾನು ಇದ್ದಲ್ಲೇ ಉಳಿಯುತ್ತೇನೆ. ಅಷ್ಟನ್ನೂ ಬಾಯಿ ಬಿಟ್ಟು ಹೇಳಿದೆ.

"ಗುರು ಊರಾಗ ಇಲ್ಲಂತ ಪಾಠ ನಿಲ್ಲಸ್ತಾರೇನು?" ಎಂದ ಅಪ್ಪ. "ಹಿರೇ ಶಿಷ್ಯ ನಡಸ್ತಾನ."

"ಯಾರು, ಪೈಲ್ವಾನನ?" ಎಂದ ಅಣ್ಣ.

"ಅವಂಗ ತಪ್ಪಿಲ್ಲದ ಬರ್ತದೇನು? ಇಕಿಗೆ ಬರ್ತದ. ಇಕಿ ನಡಸ್ತಾಳ."

ಅಷ್ಟು ಹೇಳಿ ಅಪ್ಪ ಕೈಕಾಲು ತೊಳೆಯಲು ಹೋದ. ನನ್ನನ್ನು ಕೇಳಲೂ ಇಲ್ಲ.

ಅಣ್ಣ ಪುಣೆಯ ಬಸ್ಸು ಹತ್ತಿದ ಮರುದಿನ ನಾನು ಶೆಡ್ಡಿಗೆ ಹೋದಾಗ ಎಲ್ಲರೂ ಆಗಲೇ ಬಂದಿದ್ದರು. ಕುರ್ಚಿಯನ್ನು ಮುಂದೆ ಹಾಕಿದ್ದರು, ಅಪ್ಪನಿಗೆಂದು. ಅಪ್ಪ ಅದರಲ್ಲಿ ಇರಲಿಲ್ಲ. ಎರಡನೆಯ ಸಾಲಿನಲ್ಲಿ, ಪೈಲ್ವಾನನ ಪಕ್ಕದಲ್ಲಿ, ಧೋತರ ಮುದುಡಿಕೊಂಡು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಹೇಳಿಸಿಕೊಳ್ಳುವವರು ಕೂರುವ ಹಾಗೆ ಎರಡೂ ಕೈ ತೊಡೆಯ ಮೇಲಿದ್ದವು. ನಾನು ಎದುರಿಗೆ ನಿಂತು ಮೊದಲ ಜೋಡಿ ಹೇಳಿದೆ. ಎಡಕ್ಕೆ ತಿರುಗಿ ಕೆಳತಡೆ, ಬಲಮುಷ್ಟಿ. ಸಾಲುಗಳು ಅದನ್ನು ಎರಡು ಸಲ ತಿರುಗಿ ಹೇಳಿದವು. ಆ ದನಿಗಳ ನಡುವೆ ಒಂದು ಮುದಿ ದನಿ, ಒಂದಕ್ಷರ ಬಿಡದೆ, ನಾನು ಹೇಳಿದ ಸ್ವರದಲ್ಲೇ, ನನ್ನ ಹಿಂದೆ ಹೇಳುತ್ತಿತ್ತು. ನಾನು ಮುಂದಿನ ಜೋಡಿ ಹೇಳಿದೆ. ಅಪ್ಪ ಅದನ್ನೂ ಹೇಳಿದ.